ಭೇದಿ ಮಾತ್ರೆಗೆ ಬಗ್ಗದ ಹುಳ

ಮೊದಲು ವಾಸನೆಯ ವಿಷಯ ಹೇಳಿ ಮುಗಿಸಿಬಿಡುತ್ತೇನೆ. ಅದನ್ನು ಹೇಳದೆ ಮುಂದಕ್ಕೆ ಹೋದರೆ ಮದುವೆಮನೆಯಲ್ಲಿ ಮದುಮಗನೊಬ್ಬನನ್ನು ಬಿಟ್ಟು ಮಿಕ್ಕವರನ್ನೆಲ್ಲ ಮಾತಾಡಿಸಿದ ಹಾಗಾಗುತ್ತದೆ. ಮೀನು ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲಿ, ಮೇಲೆ ಬೇರೆ ನೀರು ಹುಯ್ಯುವುದನ್ನು ಮರೆತು, ಬಾಗಿಲು ಹಾಕಿಕೊಂಡು ಊರಿಗೆ ಹೋಗಿ ಬಂದರೆ, ಬಾಗಿಲು ತೆಗೆದ ತಕ್ಷಣ ಮುಖಕ್ಕೆ ಬಡಿಯುತ್ತದಲ್ಲ, ಅದು. ಅದು ನನ್ನ ಮೈಯಿಂದ ಬರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಮಧ್ಯಾಹ್ನ ಇನ್ನೊಮ್ಮೆ ಮಾಡಿ, ಒಳಬಟ್ಟೆ ಬದಲಾಯಿಸಿ, ಮೈಗೆಲ್ಲ ಪೌಡರ್ ಸುರಿದುಕೊಂಡರೂ ಸಂಜೆ ಹೊತ್ತಿಗೆ ಸೀರೆಯ ನೆರಿಗೆಯೊಳಗಿಂದ ಎದ್ದು ಬರುತ್ತಿತ್ತು.

ನಾನು ಬ್ಲೌಸ್ ಹೊಲಿಯುವವಳು. ಅಂಗಡಿ ಆರ್‌ಪಿಸಿ ಲೇಔಟಿನ ಒಂದು ಅಡ್ಡರಸ್ತೆಯಲ್ಲಿ. ಮನೆ ಮಾರೇನಹಳ್ಳಿಯಲ್ಲಿ, ಗಂಡನ ಕಡೆಯವರ ಹಳೇ ಜಾಗದಲ್ಲಿ ಎದ್ದ ಕಟ್ಟಡದ ನೆಲಮಹಡಿ. ಮೇಲಿನ ಮನೆಗಳಲ್ಲಿ ಬಾಡಿಗೆಯವರು, ಅದರ ಮೇಲೆ ತಾರಸಿ. ಬ್ಲೌಸಿನ ಅಳತೆ ತೆಗೆಯುವುದು ಎಂದರೆ ಮೈಗೆ ಮೈ ತಾಗುವಷ್ಟು ಹತ್ತಿರ ನಿಲ್ಲುವ ಕೆಲಸ. ಟೇಪನ್ನು ಎದೆಯ ಸುತ್ತ ತರಬೇಕು, ಕಂಕುಳ ಕೆಳಗೆ ಬಗ್ಗಬೇಕು, ಬೆನ್ನಿನ ಕಡೆ ಪಿನ್ನು ಚುಚ್ಚಬೇಕು. ಹೀಗೆ ಒಮ್ಮೆ ಮದುಮಗಳೊಬ್ಬಳ ಮುಂದೆ ಬಗ್ಗಿ ನಿಂತಿದ್ದಾಗ ಅವಳು ಮೂಗಿಗೆ ಕರ್ಚೀಫು ಹಿಡಿದು, "ಆಂಟಿ, ಪಕ್ಕದಲ್ಲಿ ಮೀನಂಗಡಿ ಏನಾದ್ರೂ ಬಂತಾ?" ಅಂದಳು.

ಪಾಪ, ಕೆಟ್ಟ ಹುಡುಗಿ ಅಲ್ಲ. ನಿಜವಾಗಿ ಕೇಳಿದಳು. "ಹೌದು ಕಣಮ್ಮ, ಹಿಂದಿನ ರಸ್ತೇಲಿ" ಅಂದೆ. ಹಿಂದಿನ ರಸ್ತೆಯಲ್ಲಿ ಇದ್ದದ್ದು ಒಂದು ಜೆರಾಕ್ಸ್ ಅಂಗಡಿ. ಅವಳು ಹೋದಮೇಲೆ ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಒಳಗೆ ಕೂತೆ. ನನಗೆ ನನ್ನ ಮೇಲೆ ಎಂಥ ಹೇಸಿಗೆ ಬಂತು ಎಂದರೆ, ನನ್ನ ಕತ್ತರಿಯನ್ನು ಮುಟ್ಟಲೂ ಮನಸ್ಸಾಗಲಿಲ್ಲ.

ಇದು ಒಂದು ದಿನದಲ್ಲಿ ಬಂದದ್ದಲ್ಲ. ವರ್ಷಗಳಿಂದ ಬಂದು ಹೋಗುತ್ತಿತ್ತು. ಹಸಿರು ಕಲೆತ ಹಳದಿ, ನೊರೆ ನೊರೆಯಾಗಿ ಹೋಗುತ್ತಿತ್ತು. ತುರಿಕೆ ಹೇಗೆಂದರೆ, ನಾಲ್ಕು ಜನರ ಮುಂದೆ ಕೂತಿದ್ದಾಗ ಕಾಲಮೇಲೆ ಕಾಲು ಹಾಕಿ ಹಲ್ಲು ಕಚ್ಚಿಕೊಂಡೇ ಮಾತಾಡಬೇಕು. ಉಚ್ಚೆ ಹೊಯ್ಯಲು ಹೋದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ಅತ್ತೆಗೆ ಹೇಳಿದರೆ, "ಉಷ್ಣ ಕಣಮ್ಮಿ. ಮಿಷನ್ ತುಳೀತಾ ಕೂತ್ಕಂಡ್ರೆ ಇನ್ನೇನಾದದು?" ಅನ್ನುತ್ತಿದ್ದರು. ಮೆಂತ್ಯ ನೆನೆಸಿ ಕೊಡುತ್ತಿದ್ದರು, ಬಾರ್ಲಿ ನೀರು, ಸಬ್ಬಕ್ಕಿ ಗಂಜಿ, ನೆತ್ತಿಗೆ ಹರಳೆಣ್ಣೆ. ಪ್ರೀತಿಯಿಂದಲೇ ಕೊಡುತ್ತಿದ್ದರು. ನಾನೂ ಪ್ರೀತಿಯಿಂದಲೇ ಕುಡಿಯುತ್ತಿದ್ದೆ.

ನಾನು ಮಾತು ಕಲಿತದ್ದು ಕೆಂಗೇರಿಯ ನನ್ನಜ್ಜಿಯ ಬಾಯಿಂದ. ಆಕೆಗೆ ಬದನೆಕಾಯಿಯ ಜಾತಿಗೊಂದು ಹೆಸರು ಗೊತ್ತಿತ್ತು, ಮೋಡದ ಬಣ್ಣಕ್ಕೊಂದು ಹೆಸರು, ಜಗಳಗಂಟಿಯರ ನಡಿಗೆಗೂ ಒಂದು ಹೆಸರು. ಆದರೆ ಹೊಕ್ಕಳಿಂದ ಕೆಳಗೆ ಬಂದರೆ ಆ ದೊಡ್ಡ ಬಾಯಿಗೂ ಇದ್ದದ್ದು ಎರಡೇ ಮಾತು. ಜಾಗಕ್ಕೆ "ಅಲ್ಲಿ", ಕಾಯಿಲೆಗೆ "ಉಷ್ಣ". ನಮ್ಮ ಹೆಂಗಸರು ಈ ಎರಡು ಮಾತಿನಲ್ಲೇ ಸಂಸಾರ ಮುಗಿಸಿಬಿಡುತ್ತಾರೆ.

ಮೆಂತ್ಯಕ್ಕೂ ಬಗ್ಗದಿದ್ದಾಗ ಮೆಡಿಕಲ್ ಶಾಪು. ಅಲ್ಲಿನ ಅಣ್ಣ ಒಳ್ಳೆಯವನೇ, ಗಂಟಲು ಮಾತ್ರ ದೊಡ್ಡದು. "ಉಷ್ಣನಾ ಅಕ್ಕ? ಸ್ಮೆಲ್ ಇದ್ಯಾ?" ಎಂದು ಕೇಳುವ ಹೊತ್ತಿಗೆ ಪಕ್ಕದಲ್ಲಿ ಶೇವಿಂಗ್ ಬ್ಲೇಡು ಕೊಳ್ಳುತ್ತಿದ್ದ ಗಂಡಸು ನನ್ನ ಕಾಲಬೆರಳಿನ ತನಕ ನೋಡಿ ಮುಗಿಸಿರುತ್ತಿದ್ದ. ಅಣ್ಣ ಒಂದು ಶೀಟು ತೆಗೆದು ಕತ್ತರಿಯಲ್ಲಿ ಕಚ್ ಎಂದು ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಿದ್ದ. ನೋಡಿದರೆ ಅದು ನಮ್ಮ ಮನೆಯ ಭೇದಿ ಮಾತ್ರೆ! ಯಾರಿಗೆ ಹೊಟ್ಟೆ ಕೆಟ್ಟರೂ ಅತ್ತೆ ಕೊಡುವುದು ಅದನ್ನೇ. ಹಳೇ ಬಿಸ್ಕತ್ತು ಡಬ್ಬಿಯಲ್ಲಿ ಅದರ ತುಂಡುಗಳು ಯಾವಾಗಲೂ ಇರುತ್ತವೆ. ಇಂಗ್ಲಿಷ್ ಮಾತ್ರೆ ಪೂರ್ತಿ ನುಂಗಿದರೆ ಉಷ್ಣ ಹೆಚ್ಚುತ್ತದೆ ಎಂದು ಅತ್ತೆ ಅದನ್ನು ಈಳಿಗೆಮಣೆಯ ಮೇಲೆ ಅರ್ಧ ಮಾಡಿಯೇ ಕೊಡುವುದು. ನಾನೂ ಅರ್ಧ ಅರ್ಧ ನುಂಗುತ್ತಿದ್ದೆ. ಎರಡು ದಿನಕ್ಕೆ ವಾಸನೆ ಕಡಿಮೆಯಾದರೆ ಮಿಕ್ಕದ್ದು ಡಬ್ಬಿಗೆ. ಕೆಲವು ತಿಂಗಳಿಗೆ ವಾಸನೆ ಮತ್ತೆ ಬಂದರೆ ಡಬ್ಬಿಯಿಂದ ನನ್ನ ಬಾಯಿಗೆ. ಹೀಗೆ ನಡೆದಿತ್ತು.

ಮೀನಂಗಡಿಯ ಮಾತಾದ ಮರುದಿನ ಅಂಗಡಿ ತೆರೆಯದೆ ವಿಜಯನಗರದ ಒಂದು ಕ್ಲಿನಿಕ್ಕಿಗೆ ಹೋದೆ. ಹೆಂಗಸರ ಡಾಕ್ಟರು. ಕಾಯುವ ಜಾಗದಲ್ಲಿ ಗೋಡೆಯ ತುಂಬ ಗುಂಡುಗುಂಡಗಿನ ಕೂಸುಗಳ ಚಿತ್ರ, ಕುರ್ಚಿಗಳ ತುಂಬ ಬಸುರಿಯರು, ಅವರ ಪಕ್ಕದಲ್ಲಿ ಮೊಬೈಲು ಒತ್ತುತ್ತಾ ಅವರವರ ಗಂಡಂದಿರು. ಟಿವಿಯಲ್ಲಿ ಯಾರೋ ಗೋಬಿ ಮಂಚೂರಿ ಮಾಡುತ್ತಿದ್ದರು. ಕೌಂಟರಿನ ಹುಡುಗಿ ತಲೆ ಎತ್ತದೆ, "ಏನ್ ಪ್ರಾಬ್ಲಮ್ ಮೇಡಂ?" ಅಂದಳು.

"ಉಷ್ಣ."

"ಉಷ್ಣ ಅಂದ್ರೆ? ಬಿಳಿಮುಟ್ಟಾ?"

ಆ ಗೋಬಿ ಮಂಚೂರಿಯವಳೂ ಒಂದು ಗಳಿಗೆ ಸುಮ್ಮನಾದಳು ಎನ್ನಿಸಿತು. ಮೂಲೆಯ ಕುರ್ಚಿಯಲ್ಲಿ ಹೋಗಿ ಕೂತೆ. ಯಾರ ಪಕ್ಕವೂ ಬೇಡ, ನನ್ನ ಗಾಳಿ ಯಾರಿಗೂ ಸೋಕುವುದು ಬೇಡ ಎಂದು. ಒಬ್ಬಳು ಬಸುರಿ ಬಂದು ಪಕ್ಕದಲ್ಲೇ ಕೂತಾಗ ಎದ್ದು ನಿಂತುಬಿಟ್ಟೆ. ಅವಳು, "ಅಯ್ಯೋ ಕೂತ್ಕೊಳ್ಳಿ ಆಂಟಿ, ಜಾಗ ಇದೆ" ಎಂದು ಸರಿದು ಕೊಟ್ಟಳು. "ಬೆನ್ನುನೋವು, ನಿಂತ್ರೇ ಹಾಯಾಗಿರತ್ತೆ" ಅಂದೆ. ನನ್ನ ಸರದಿ ಬರುವವರೆಗೂ ನಿಂತೇ ಇದ್ದೆ.

ಡಾಕ್ಟರು ಹೆಚ್ಚು ಮಾತಿನವರಲ್ಲ, ಆದರೆ ಮುಖ ಸಿಂಡರಿಸದವರು. ನಾನು ಕಾಲು ಮಡಿಸಿ ಮಲಗಿ, "ವಾಸನೆ ಇದೆ ಮೇಡಂ, ಸಾರಿ" ಅಂದೆ. "ವಾಸನೆಗೆ ಯಾರಾದ್ರೂ ಸಾರಿ ಹೇಳ್ತಾರೇನ್ರಿ? ನೀವು ಬೇಕೂಂತ ತಂದಿದ್ದಾ?" ಅಂದರು. ಆ ಕೋಣೆಯಲ್ಲಿ ನನಗೆ ಸಿಕ್ಕ ಮೊದಲ ಕರುಣೆ ಅದು. ಒಂದು ಹನಿ ತೆಗೆದು ಗಾಜಿಗೆ ಸವರಿ, ಮಗ್ಗುಲ ಕೋಣೆಯಲ್ಲಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿದರು. "ಬನ್ನಿ, ನೋಡ್ತೀರಾ?" ಅಂದರು.

ನೋಡಬಾರದಿತ್ತು. ಕೆರೆಯ ಕೊಚ್ಚೆಯಲ್ಲಿ ಗೊದಮೊಟ್ಟೆಗಳು ಮಿಸುಕಾಡುವ ಹಾಗೆ, ಬಾಲ ಕುಣಿಸುತ್ತಾ, ಒಂದನ್ನೊಂದು ಒದೆಯುತ್ತಾ ಓಡಾಡುತ್ತಿದ್ದವು. ನನ್ನೊಳಗೆ, ನನ್ನ ಬಿಸಿಯಲ್ಲಿ, ನನಗೆ ಹೇಳದೆ ಕೇಳದೆ ಸಂಸಾರ ಹೂಡಿದ್ದವು. ಅಲ್ಲೇ ಸಿಂಕಿಗೆ ಬಗ್ಗಿ ವಾಂತಿ ಮಾಡಿದೆ.

"ಟ್ರೈಕೊಮೊನಾಸ್ ಅಂತಾರೆ. ಗಂಡ ಹೆಂಡತಿ ಸೇರಿದಾಗ ದಾಟತ್ತೆ. ಗಂಡಸರಿಗೆ ಬಹಳ ಸಲ ಏನೂ ಗೊತ್ತಾಗಲ್ಲ, ಒಳಗೆ ಇಟ್ಕೊಂಡು ಓಡಾಡ್ತಿರ್ತಾರೆ. ಇಬ್ಬರೂ ಮಾತ್ರೆ ತಗೋಬೇಕು, ಪೂರ್ತಿ. ವಾಸಿಯಾಗೋವರೆಗೂ ಸೇರೋ ಹಾಗಿಲ್ಲ. ನಿಮ್ಮೆಜಮಾನ್ರು ಕುಡೀತಾರಾ?"

"ಯಾವಾಗಾದ್ರೂ."

"ಈ ಮಾತ್ರೆ ಮೇಲೆ ಕುಡಿಯೋ ಹಾಗಿಲ್ಲ. ಕುಡಿದ್ರೆ ಎದೆ ಹೊಡ್ಕೊಂಡು ವಾಂತಿಯಾಗತ್ತೆ, ಹೇಳಿ."

"ಎಲ್ಲಿಂದ ಬಂತು ಮೇಡಂ ಇದು ನನಗೆ?"

"ಯಾವಾಗ ಬಂತು, ಯಾರಿಂದ ಬಂತು ಅಂತ ನನ್ನ ಯಂತ್ರ ಹೇಳಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದುಬಿಡಬಹುದು. ನೀವೊಬ್ಬರೇ ಅಂತ ಅಂದ್ಕೋಬೇಡಿ. ಈ ಕಡೆ ಏರಿಯಾದಿಂದ ಎಷ್ಟು ಜನ ಹೆಂಗಸರು ಬರ್ತಾರೆ ಗೊತ್ತಾ? ಎಲ್ಲರೂ ಉಷ್ಣ ಅಂತಲೇ ಶುರು ಮಾಡೋದು."

ಮನೆಯಲ್ಲಿ ನಮ್ಮ ಯಜಮಾನರು ಮುದ್ದೆ ಬಸ್ಸಾರು ಊಟ ಮಾಡುತ್ತಿದ್ದರು. ಅತ್ತೆ ಹೊರಗೆ ಜಗಲಿಯಲ್ಲಿದ್ದರು. ನಿಧಾನಕ್ಕೆ ಹೇಳಿದೆ. ಅವರು ಮುದ್ದೆ ಮುರಿಯುವ ಕೈಯನ್ನು ಅರ್ಧಕ್ಕೇ ನಿಲ್ಲಿಸಿ, "ನಿನಗೆಲ್ಲಿಂದ ಬಂತೇ?" ಅಂದರು.

ಇಪ್ಪತ್ತು ವರ್ಷ ಸಂಸಾರ ಮಾಡಿದವರ ಬಾಯಿಂದ ಬಂದ ಮೊದಲ ಮಾತು! "ಅಂಗಡಿಗೆ ಗಂಡಸ್ರೂ ಬರ್ತಾರಾ?" ಎರಡನೆಯದು. ಆ ಸೂಕ್ಷ್ಮದರ್ಶಕದಲ್ಲಿ ಕಂಡದ್ದಕ್ಕಿಂತ ಹೆಚ್ಚಿನ ಅಸಹ್ಯ ಆ ಊಟದ ತಟ್ಟೆಯ ಮುಂದೆ ನನಗಾಯಿತು. ಅದೇ ಪ್ರಶ್ನೆಯನ್ನು ನಾನು ತಿರುಗಿಸಿ ಕೇಳಬಹುದಿತ್ತು. ಕೇಳಲಿಲ್ಲ. ಉತ್ತರ ಬಂದರೆ ಅದನ್ನು ಮನೆಯಲ್ಲಿ ಎಲ್ಲಿ ಇಟ್ಟುಕೊಳ್ಳಲಿ? "ಬರೋದು ಕರೆಂಟ್ ಬಿಲ್ಲಿನವನೊಬ್ಬನೇ. ಈ ಮಾತ್ರೆ ನುಂಗಿ" ಅಂದೆ. ಅವರು ಕೈಯಲ್ಲಿದ್ದ ಮುದ್ದೆ ಮುಗಿಸಿ, "ಸರಿ ಬಿಡು, ಏನೋ ಒಂದು ಬಾಯಿಗೆ ಬಂತು" ಎಂದು ನುಂಗಿದರು.

ಆದರೆ ನಾವು ಮಾತ್ರೆ ಶುರು ಮಾಡಿದ್ದು ಯುಗಾದಿಯ ವಾರದಲ್ಲಿ. ಈ ಕಡೆಯ ಹಳೇ ಹಳ್ಳಿಯ ಮನೆಗಳಲ್ಲಿ ಹುಟ್ಟಿದವರಿಗೆ ನಾನು ಹೇಳಬೇಕಾಗಿಲ್ಲ. ಯುಗಾದಿಯ ದಿನ ಒಬ್ಬಟ್ಟು, ಮರುದಿನ ಹೊಸತೊಡಕು. ಸಂಬಂಧಿಕರೆಲ್ಲ ಸೇರಿ ಮರಿ ಕೊಯ್ಯಿಸಿ, ಮಾಂಸವನ್ನು ಗುಡ್ಡೆ ಗುಡ್ಡೆ ಹಾಕಿ ಹಂಚಿಕೊಂಡು, ಮನೆಮನೆಯಲ್ಲೂ ಬಾಡೂಟ. ನಮ್ಮ ತಾರಸಿಯ ಮೇಲೆ ಗಂಡಸರ ಕೂಟಕ್ಕೆ ನಮ್ಮ ಯಜಮಾನರದ್ದೇ ಯಜಮಾನಿಕೆ. ಒಲೆ ಮುಂದೆ ಬೆವರು ಸುರಿಸಿ, ಬೋಟಿ ಗೊಜ್ಜಿನ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಹೋದರೆ ಇವರ ಕೈಯಲ್ಲಿ ಗ್ಲಾಸು. ಕಣ್ಣಲ್ಲೇ ಕೇಳಿದೆ. ಅವರು ಬಾಯಲ್ಲೇ ಉತ್ತರ ಕೊಟ್ಟರು.

"ಮಾತ್ರೆ ನಿಲ್ಸಿ ಎರಡು ದಿನ ಆಯ್ತು ಕಣೇ. ಮೈಯಿಂದ ಇಳ್ದೋಗಿರತ್ತೆ. ಹೊಸತೊಡಕಿಗೆ ಬರೀ ಸೋಡಾ ಕುಡ್ಕೊಂಡು ಕೂತ್ರೆ ಇವರೆಲ್ಲ ನನ್ನ ಗಂಡಸು ಅಂತಾರಾ?"

"ಏನ್ ಮಾತ್ರೆ ಅಣ್ಣ?" ಎಂದ ಅವರ ಚಿಕ್ಕಪ್ಪನ ಮಗ.

"ಗ್ಯಾಸ್ಟ್ರಿಕ್ಕು ಮಗಾ."

"ಏನ್ ಅತ್ಗೆ, ನಮ್ಮಣ್ಣಂಗೆ ಮಾತ್ರೆನೂ ನೀವೇ ನುಂಗಿಸ್ಬೇಕಾ? ಹೋಗ್ಲಿ, ಇನ್ನೊಂದ್ ಸ್ವಲ್ಪ ಬೋಟಿ ತನ್ನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೊಂದು ಸ್ವಲ್ಪ ಬೋಟಿ ತಂದುಕೊಟ್ಟೆ. ಅಷ್ಟು ಜನರ ಮುಂದೆ ಬಾಯಿ ತೆಗೆದರೆ ಹೋಗುವುದು ನನ್ನ ಮಾನ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಗಂಡಸರಿಗೆ ಹೇಳಿಕೊಟ್ಟ ಹಾಗೆ ಕಾಣೆ.

ಹೋದ ವಾಸನೆ ಮತ್ತೆ ಬಂತು. ತಪ್ಪು ನನ್ನದೂ ಉಂಟು ಎನ್ನುವವರಿರುತ್ತಾರೆ, ಸೇರಬೇಡಿ ಅಂದ ಮೇಲೂ ಯಾಕೆ ಸೇರಿದೆ ಎಂದು. ಕುಡಿದು ಬಂದ ಗಂಡನಿಗೆ ಬೇಡ ಎಂದು ಹೇಳಿ ನೋಡಿದವಳು ನನ್ನನ್ನು ಕೇಳಲಿ, ಅವಳಿಗೆ ಉತ್ತರ ಕೊಡುತ್ತೇನೆ.

ಮತ್ತೆ ಕ್ಲಿನಿಕ್ಕು. ಡಾಕ್ಟರು ನಡೆದದ್ದೆಲ್ಲ ಕೇಳಿ ಒಂದು ನಿಟ್ಟುಸಿರು ಬಿಟ್ಟು, ಮತ್ತೆ ಅದೇ ಮಾತ್ರೆ ಬರೆದುಕೊಟ್ಟರು. ಈ ಸಲ ನಮ್ಮ ಯಜಮಾನರು ಶೀಟನ್ನು ಮುಟ್ಟಲೂ ಇಲ್ಲ. "ನನಗೇನಾಗಿದೆ? ಉರಿ ಇಲ್ಲ, ತುರಿ ಇಲ್ಲ. ಕಾಯ್ಲೆ ನಿಂದು, ಮಾತ್ರೆ ನಿಂದು." ನನ್ನ ಚಾಪೆ, ದಿಂಬು, ಹೊದಿಕೆ ಎತ್ತಿಕೊಂಡು ಅತ್ತೆಯ ಕೋಣೆಗೆ ಹೋದೆ. "ಅತ್ತೆಗೆ ಮಂಡಿನೋವು, ರಾತ್ರಿ ಎದ್ದೇಳಕ್ಕೆ ಕಷ್ಟ" ಎಂದು ಮನೆಗೆಲ್ಲ ಸಾರಿದೆ. ಅತ್ತೆಗೆ ಮಂಡಿನೋವು ಇದ್ದದ್ದು ನಿಜ. ಈ ಸಲ ಒಂದು ಮಾತ್ರೆಯನ್ನೂ ಮುರಿಯದೆ, ಒಂದು ಹೊತ್ತನ್ನೂ ತಪ್ಪಿಸದೆ ನುಂಗಿದೆ. ಬಾಯೆಲ್ಲ ತುಕ್ಕು ಹಿಡಿದ ಮೊಳೆ ಚೀಪಿದ ರುಚಿ. ಕಾಫಿ ಕುಡಿದರೆ ಮೊಳೆಯ ಕಷಾಯ, ಅನ್ನ ಉಂಡರೆ ಮೊಳೆಯ ಅನ್ನ. ಪರವಾಗಿಲ್ಲ, ಗಂಡ ದೂರ, ಮಾತ್ರೆ ಪೂರ್ತಿ, ಇನ್ನು ಈ ಪೀಡೆ ಎಲ್ಲಿ ಹೋಗಬೇಕು?

ಎಲ್ಲೂ ಹೋಗಲಿಲ್ಲ. ಮಾತ್ರೆ ಮುಗಿದು ಕೆಲವೇ ದಿನಕ್ಕೆ ಮತ್ತೆ ನೊರೆ, ಮತ್ತೆ ಅದೇ ಮೀನು. ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, "ನಡುವೆ ಸೇರಿಲ್ಲ ತಾನೇ? ಖಂಡಿತಾ?" ಎಂದು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಆದರೂ ಅಳು ಬಂತು. "ಅತ್ತೆ ಪಕ್ಕ ಮಲಗ್ತೀನಿ ಮೇಡಂ, ಬೇಕಾದ್ರೆ ಅವರನ್ನೇ ಕರ್ಕೊಂಡು ಬರ್ತೀನಿ" ಅಂದೆ.

"ನಂಬ್ತೀನಿ. ಹಂಗಿದ್ರೆ ಈ ಮಾತ್ರೆಗೆ ಅದು ಬಗ್ತಾ ಇಲ್ಲ. ಮೊದಲು ಯಾವಾಗಾದ್ರೂ ಇದನ್ನ ತಗೊಂಡಿದ್ರಾ?"

ಆಗ, ಇದು ನಮ್ಮ ಮನೆಯ ಭೇದಿ ಮಾತ್ರೆಯೇ ಎಂದು ಬಿಸ್ಕತ್ತು ಡಬ್ಬಿಯ ಕತೆ ಹೇಳಿದೆ. ಮೆಡಿಕಲ್ ಶಾಪಿನ ಕತ್ತರಿ, ಅತ್ತೆಯ ಈಳಿಗೆಮಣೆ, ಎಲ್ಲ. ಅವರು ಪೆನ್ನು ಕೆಳಗಿಟ್ಟರು.

"ಅದರಿಂದಲೇ ಹಿಂಗಾಯ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಬೇರೆ ಯಾರದೋ ಮೈಯಲ್ಲೇ ಗಟ್ಟಿಯಾಗಿ ನಿಮಗೆ ಬಂದಿರಬಹುದು. ಆದ್ರೆ ಅರ್ಧ ಹೊಡೆದು ಅರ್ಧ ಬಿಟ್ರೆ, ಉಳಿಯೋದು ಗಟ್ಟಿ ಪಿಂಡಗಳೇ ಅಲ್ವೇನಮ್ಮ?"

ಅಜ್ಜಿ ಕಾಲದ ಹಿತ್ತಿಲಿನ ಗರಿಕೆ ನೆನಪಾಯಿತು. ಮೇಲೆ ಮೇಲೆ ಕಿತ್ತಷ್ಟೂ ಬೇರು ಬಲಿಯುತ್ತಿತ್ತು. ವರ್ಷಗಟ್ಟಲೆ ನನ್ನೊಳಗೆ ನಾವೇ ಅತ್ತೆ ಸೊಸೆ ಸೇರಿಕೊಂಡು ಈ ದರಿದ್ರವನ್ನು ಸಾಕಿ, ಅಂಗಸಾಧನೆ ಮಾಡಿಸಿದ್ದೆವೇ ಎನ್ನಿಸಿತು. ಡಾಕ್ಟರು ಇನ್ನೊಂದು ಜಾತಿಯ ಮಾತ್ರೆ ಬರೆದರು. ದೊಡ್ಡ ಪ್ರಮಾಣ, ಎರಡು ವಾರ, ಒಳಗೆ ಇಟ್ಟುಕೊಳ್ಳುವ ಮಾತ್ರೆ ಬೇರೆ. "ಆದ್ರೆ ಒಂದು ಷರತ್ತು. ನಿಮ್ಮೆಜಮಾನ್ರು ಇಲ್ಲಿಗೆ ಬಂದು ನನ್ನ ಮುಂದೆ ಮೊದಲನೇ ಮಾತ್ರೆ ನುಂಗಬೇಕು. ನಿಮಗೆ ವಾಸಿಯಾಗಿ ಅವರ ಹತ್ರ ಉಳಿದ್ರೆ, ಈ ಸಲ ಬರೋದೂ ಇದೇ ಗಟ್ಟಿ ಪಿಂಡನೇ. ಆಮೇಲೆ ಕೊಡೋಕೆ ನನ್ನ ಹತ್ರ ಹೆಚ್ಚೇನೂ ಇಲ್ಲ."

ಆ ಕೊನೆಯ ಮಾತು ಹೊತ್ತುಕೊಂಡು ಮನೆಗೆ ಬಂದೆ. ಇವರಿಗೆ ಹೇಳಿದರೆ ಮುಖ ಅರಳಿತು! "ನೋಡ್ದಾ? ಮಾತ್ರೆನೇ ಕೆಲಸ ಮಾಡ್ತಿಲ್ವಂತೆ. ಸುಮ್ನೆ ನನ್ನ ಹೊಸತೊಡಕಿನ ಮೇಲೆ ಹಾಕಿದ್ದೆ." ಗೆದ್ದವರ ಹಾಗೆ ಟಿವಿಯ ಸೌಂಡು ಜಾಸ್ತಿ ಮಾಡಿಕೊಂಡರು. "ಹೆಂಗಸರ ಡಾಕ್ಟ್ರ ಹತ್ರ ಬಸುರೀರ ಮಧ್ಯ ನಾನ್ ಬಂದ್ ಕೂತ್ಕೊಳ್ಳಾ? ತಲೆ ಕೆಟ್ಟಿದ್ಯಾ ನಿನಗೆ?"

ಆ ಮಧ್ಯಾಹ್ನ ಬಚ್ಚಲಲ್ಲಿ ಒಳಬಟ್ಟೆ ಬೇಯಿಸಿ, ಹಿತ್ತಿಲ ತಂತಿಯ ಮೇಲೆ ಟವಲಿನ ಅಡಿಯಲ್ಲಿ ಬಚ್ಚಿಟ್ಟು ಒಣಹಾಕುತ್ತಿದ್ದೆ. ಹಿಂದಿನಿಂದ ಅತ್ತೆ ಬಂದು ಟವಲು ಎತ್ತಿದರು. ಬಟ್ಟೆ ನೋಡಿದರು, ನನ್ನ ಮುಖ ನೋಡಿದರು.

"ಏನಮ್ಮಿ, ನನ್ನ ಮಂಡಿನೋವಿಗೆ ನೀನು ಈಟು ದಿನ ನನ್ನ ಕ್ವಾಣೇಲಿ ಬಿದ್ಕಂಡಿರೋಳಲ್ಲ. ಏನಾಗಯ್ತೆ, ನೆಟ್ಟಗೆ ಹೇಳು."

ಹೇಳಿದೆ. ಉಷ್ಣ ಎಂಬ ಮಾತು ಬಳಸದೆ ಹೇಳಿದೆ. ಸೂಕ್ಷ್ಮದರ್ಶಕ, ಗೊದಮೊಟ್ಟೆ, ಗಂಡ ಹೆಂಡತಿ, ತಾರಸಿಯ ಗ್ಲಾಸು, ಎಲ್ಲವನ್ನೂ. ಈಳಿಗೆಮಣೆಯ ವಿಷಯ ಬಂದಾಗ ತಡವರಿಸಿದೆ. ಅವರೇ, "ಅದೂ ಹೇಳು" ಅಂದರು. ಕಲ್ಲುಬೆಂಚಿನ ಮೇಲೆ ಕೂತು ಬಹಳ ಹೊತ್ತು ಮಂಡಿ ತಿಕ್ಕಿಕೊಂಡರು.

"ನಿಮ್ಮಾವ ಹೂವಿನ ವ್ಯಾಪಾರಕ್ಕೇಂತ ಮಾರ್ಕೆಟ್ಟಿಗೆ ಹೋದ್ರೆ ವಾರಗಟ್ಲೆ ಬತ್ತಿರ್ನಿಲ್ಲ. ಬಂದ್ ಮ್ಯಾಲೆ ನನಗೂ ಇಂಗೇ ಆಗದು. ನಮ್ಮತ್ತೆ ಮೆಂತ್ಯ ಕೊಟ್ರು, ಕುಡ್ದೆ. ನೀನು ಬಂದಾಗ ನಿನಗೂ ಕೊಟ್ಟೆ. ಮದ್ವೆಯಾದ ಹೆಂಗಸು ಅಂದ್ರೆ ಇಂಗೇ ನಾತ ಹೊಡೀತಳೆ ಅಂದ್ಕಂಡಿದ್ದೆ ಕಣಮ್ಮಿ ನಾನು."

ಹೇಳಿ ನೆಲಕ್ಕೆ ಉಗುಳಿದರು. ಅಷ್ಟು ಶುಭ್ರದ ಹೆಂಗಸು ತಾನೇ ಸಾರಿಸಿದ ಹಿತ್ತಿಲಿಗೆ ಉಗುಳಿದ್ದನ್ನು ನಾನು ಮೊದಲ ಸಲ ನೋಡಿದ್ದು. ಎದ್ದು ಸೀದಾ ನಡುಮನೆಗೆ ಹೋಗಿ ಟಿವಿಯ ಪ್ಲಗ್ಗು ಕಿತ್ತರು.

"ಲೋ, ಏಳ್ಲಾ ಮ್ಯಾಕೆ. ನಾಳಿಕೆ ಡಾಕ್ಟ್ರತ್ರ ಹೋಗನ."

"ಯಾಕವ್ವ, ನಿನ್ನ ಮಂಡಿಗಾ?"

"ನಿನ್ನ ಗಂಡಸುತನಕ್ಕೆ. ನಾನೂ ಬತ್ತೀನಿ. ಬರಾಕಿಲ್ಲ ಅಂದ್ರೆ ನಿನ್ನ ಚಿಕ್ಕಪ್ಪನ ಮಕ್ಕಳ ಕರ್ದು, ಅದ್ಯಾವ ಗ್ಯಾಸ್ಟ್ರಿಕ್ಕಿಗೆ ಮಾತ್ರೆ ಅಂತ ತಾರಸಿ ಮ್ಯಾಲೆ ನಿಂತ್ಕಂಡು ಹೇಳ್ತೀನಿ."

ಮರುದಿನ ಕ್ಲಿನಿಕ್ಕಿನಲ್ಲಿ ನಾವು ಮೂವರು ಸಾಲಾಗಿ ಕೂತಿದ್ದೆವು. ಇವರು ಮಾಸ್ಕು ಹಾಕಿ, ಟೋಪಿ ಹಾಕಿ, ಪೇಪರನ್ನು ಮುಖದ ತನಕ ಎತ್ತಿ ಹಿಡಿದಿದ್ದರು. ಪಕ್ಕದ ಬಸುರಿಯೊಬ್ಬಳ ಗಂಡ, "ಸಾರ್, ಪೇಪರ್ ತಲೆಕೆಳಗಾಗಿದೆ" ಅಂದ. ಅತ್ತೆ ಕೆಮ್ಮಿದರು. ನನಗೆ ಎಷ್ಟೋ ತಿಂಗಳ ಮೇಲೆ ನಗು ಬಂತು. ಆ ದಿನ ನಾನು ಮೂಲೆಯಲ್ಲಿ ನಿಲ್ಲಲಿಲ್ಲ.

ಒಳಗೆ ಡಾಕ್ಟರು ನೀರಿನ ಲೋಟ, ಮಾತ್ರೆ ಮುಂದಿಟ್ಟರು. ಇವರು ಬಾಯಿಗೆ ಹಾಕಿಕೊಂಡು ನೀರು ಕುಡಿದು, "ಆಯ್ತು" ಎಂದರು.

"ಆ ಅನ್ನು" ಅಂದರು ಅತ್ತೆ.

"ಅವ್ವಾ!"

"ಆ ಅನ್ನಲಾ. ನಾಲ್ಗೆ ಎತ್ತು. ದವಡೆ ತೋರ್ಸು. ಚಿಕ್ಕೋನಿದ್ದಾಗ ಜಂತುಹುಳದ ಮಾತ್ರೆ ಕೆನ್ನೇಲಿಟ್ಕಂಡು ಹಿತ್ತಲಿಗೋಗಿ ಉಗ್ಯೋನು ಕಣವ್ವ ಡಾಕ್ಟ್ರಮ್ಮ, ನಂಬ್ಬೇಡಿ."

ಡಾಕ್ಟರು ಟಾರ್ಚು ಹಚ್ಚಿ ಸಾವಕಾಶವಾಗಿಯೇ ನೋಡಿದರು. ಇವರು ಎದ್ದು ಬಾಣದ ಹಾಗೆ ಹೊರಗೆ ಹೋದರು. ನಾನೂ ಎದ್ದೆ. ಅತ್ತೆ ಏಳಲಿಲ್ಲ. ಸೆರಗನ್ನು ಹೊದ್ದು, ಮೇಜಿನ ಮೇಲಿದ್ದ ಲೋಟವನ್ನೇ ನೋಡುತ್ತಾ, "ನನ್ನಂಥ ಮುದುಕೀರನ್ನೂ ನೀವು ನೋಡ್ತೀರಾ?" ಅಂದರು. ಡಾಕ್ಟರು ಎದ್ದು ಬಂದು ಅವರ ತೋಳು ಹಿಡಿದು ಮೇಲೆ ಎಬ್ಬಿಸಿದರು. "ಬನ್ನಿ ಅಮ್ಮ." ನಾನು ಪರದೆಯ ಈಚೆ ಅವರ ಚಪ್ಪಲಿ ಕಾಯುತ್ತಾ ನಿಂತೆ. ಅಲ್ಲಿ ಏನು ಕಂಡಿತು ಎನ್ನುವುದು ಅವರ ವಿಷಯ, ನಾನು ಬರೆಯುವುದಿಲ್ಲ. ಆ ಮನುಷ್ಯ ಸತ್ತು ಎಷ್ಟು ವರ್ಷವಾಗಿದ್ದರೂ ನನ್ನ ಮಾವನ ಫೋಟೋಕ್ಕೆ ಅತ್ತೆ ಆ ವಾರ ಹೂವು ಹಾಕಲಿಲ್ಲ ಎಂದಷ್ಟೇ ಹೇಳುತ್ತೇನೆ.

ಆ ಎರಡು ವಾರ ಹೇಸಿಗೆಯ ಜಾತ್ರೆ. ಊಟ ಕಂಡರೆ ವಾಂತಿ, ಒಗ್ಗರಣೆ ವಾಸನೆಗೆ ವಾಂತಿ. ತಲೆ ತಿರುಗಿ ಮಿಷನ್ನಿನ ಸೂಜಿ ಬೆರಳಿಗೆ ಇಳಿದರೂ ಗೊತ್ತಾಗದು. ಒಳಗಿಟ್ಟ ಮಾತ್ರೆ ಕರಗಿ ಸುಣ್ಣದ ನೀರಿನ ಹಾಗೆ ತೊಡೆಗೆ ಇಳಿಯುವುದು. ನಡುಮನೆಯಲ್ಲಿ ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ, "ಆ ಅನ್ನು" ಎಂದು ಅತ್ತೆಯ ಗದರಿಕೆ. ಇವರೂ ಮುಖ ಕಿವಿಚಿಕೊಂಡು, "ಬಾಯೆಲ್ಲ ತಾಮ್ರದ ಕಾಸು ಚೀಪಿದಂಗಾಗತ್ತೆ ಕಣೇ" ಎಂದು ಒಂದು ದಿನ ನನಗೆ ಹೇಳಿದರು. "ನನಗೆ ಕಬ್ಬಿಣ, ನಿಮಗೆ ತಾಮ್ರ. ಪುಣ್ಯವಂತರು" ಅಂದೆ. ಆ ದಿನ ಅವರು ಕೇಳದೆಯೇ ನನಗೆ ಎಳನೀರು ತಂದುಕೊಟ್ಟರು. ಕುಡಿದೆ. ಕುಡಿದದ್ದು ಅರ್ಧ ಹೊರಗೆ ಬಂತು, ಅದು ಬೇರೆ ಮಾತು.

ಅಂಗಡಿಯಲ್ಲಿ, ಯಾವಾಗಲೂ ಬರುವ ಶಾಲೆಯ ಟೀಚರೊಬ್ಬರು, "ಯಾಕ್ರಿ, ಇಷ್ಟು ಇಳಿದುಹೋಗಿದೀರಾ?" ಎಂದು ಕೇಳಿದಾಗ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ನಿಜ ಹೇಳಿಬಿಟ್ಟೆ. ಯಾಕೆ ಹೇಳಿದೆನೋ. ಬಹುಶಃ ಸುಳ್ಳು ಹುಡುಕುವ ಶಕ್ತಿಯೂ ಇರಲಿಲ್ಲ. ಅವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಸೆರಗಿನ ಪಿನ್ನು ಹಾಕಿಕೊಂಡರು. ಆಮೇಲೆ, "ಆ ಡಾಕ್ಟ್ರು ಎಷ್ಟು ಗಂಟೆಗೆ ಇರ್ತಾರೆ?" ಎಂದರು. ಅವರ ನಂತರ ಅವರ ವಾರಗಿತ್ತಿ. ನಂದಿನಿ ಲೇಔಟಿನಿಂದ ಬ್ಲೌಸ್ ಪೀಸ್ ಇಲ್ಲದೇ ಬ್ಲೌಸಿನ ನೆಪದಲ್ಲಿ ಬಂದ ಒಬ್ಬಾಕೆ. ಆ ಟ್ರಯಲ್ ರೂಮಿನ ಪರದೆಯ ಹಿಂದೆ ನಾನು ಕೇಳಿದ "ನನಗೂ" ಎಂಬ ಮಾತುಗಳಿಗೆ ಲೆಕ್ಕವಿಲ್ಲ. ರೇಷ್ಮೆ ಸೀರೆ, ಮಲ್ಲಿಗೆ ಹೂವು, ಅರಿಶಿನ ಕುಂಕುಮ, ಇವೆಲ್ಲದರ ಅಡಿಯಲ್ಲಿ ಇಷ್ಟು ಜನ ಹೆಂಗಸರು ತೊಡೆ ಬಿಗಿ ಹಿಡಿದು ಕೂತು, ಮನೆಗೆ ಬಂದವರಿಗೆ ಕಾಫಿ ಬೆರೆಸಿ ಕೊಡುತ್ತಿದ್ದೇವಲ್ಲ! ಹುಳದ ಮೇಲಿನ ಅಸಹ್ಯ ಅಷ್ಟಕ್ಕಷ್ಟೆ. ಅದು ತನ್ನ ಹೊಟ್ಟೆಪಾಡು ನೋಡಿಕೊಳ್ಳುತ್ತದೆ. ನಮಗೆ ಮೆಂತ್ಯ ಕುಡಿಸಿ ಸುಮ್ಮನಾಗಿಸಿದ ಈ ಮರ್ಯಾದೆಯ ಮೇಲೆ ನನಗೆ ಉಗುಳಬೇಕು ಅನ್ನಿಸುವುದು.

ಕೊನೆಗೆ ಪರೀಕ್ಷೆ. ಡಾಕ್ಟರು ಗಾಜನ್ನು ಬಹಳ ಹೊತ್ತು ನೋಡಿದರು, ದೊಡ್ಡ ಲ್ಯಾಬಿಗೂ ಕಳಿಸಿದರು. ಎರಡರಲ್ಲೂ ಏನೂ ಇರಲಿಲ್ಲ. ಆ ಸಂಜೆ ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು, ಬಿಚ್ಚಿದ ಒಳಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದೆ. ಓದುವವರಿಗೆ ಇದು ಅಸಹ್ಯ ಎನ್ನಿಸಬಹುದು. ಹತ್ತಿ ಬಟ್ಟೆಯ ವಾಸನೆ ಬಂತು, ಸ್ವಲ್ಪ ಬೆವರು, ಸ್ವಲ್ಪ ಸೋಪು. ಗೋಡೆಗೆ ಒರಗಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ.

ವಾಸಿಯಾದ ಸುದ್ದಿ ಕೇಳಿ ನಮ್ಮ ಯಜಮಾನರು ಬಾಗಿಲ ಹತ್ತಿರ ಬಂದು ನಿಂತರು. "ಇನ್ನೇನು ಮತ್ತೆ? ನಿನ್ನ ಹಾಸಿಗೆ ಇತ್ಲಾಗ್ ತಗೊಂಡ್ ಬಾ."

"ನಿಮಗೂ ಒಂದು ಟೆಸ್ಟ್ ಬರ್ಕೊಟ್ಟಿದ್ದಾರಲ್ಲ. ಉಚ್ಚೆ ಕೊಟ್ಟು ಬನ್ನಿ. ರಿಪೋರ್ಟು ಬರಲಿ."

"ಮಾತ್ರೆ ಎಲ್ಲಾ ನುಂಗಿದೀನಲ್ಲೇ! ಅವ್ವನೇ ಸಾಕ್ಷಿ. ಆ ಲ್ಯಾಬಿನವನು ನನ್ನ ಜೊತೆ ಕ್ರಿಕೆಟ್ ಆಡಿದೋನು, ಅವನ ಮುಂದೆ ಬಾಟ್ಲಿ ಹಿಡ್ಕೊಂಡು ನಿಲ್ಲಾ?"

"ಬೇರೆ ಲ್ಯಾಬಿಗೆ ಹೋಗಿ."

"ನಂಬಿಕೆ ಇಲ್ವಾ ನನ್ನ ಮೇಲೆ?"

ಇದಕ್ಕೆ ಹಿಂದಿನ ನಾನಾಗಿದ್ದರೆ, ಅಯ್ಯೋ ಹಾಗಲ್ಲ ಕಣ್ರೀ ಎಂದು ಹೇಳಿ ಚಾಪೆ ಎತ್ತಿಕೊಂಡು ಹೋಗುತ್ತಿದ್ದೆ. ಬಾಯಿಗೆ ಬಂದೂ ಇತ್ತು. "ಇಲ್ಲ" ಅಂದೆ.

ಅವರು ತಿರುಗಿ ಹೋದರು. ಆಮೇಲಿನ ದಿನಗಳಲ್ಲಿ ಮಾತು ಕಡಿಮೆ, ತಟ್ಟೆಯ ಸದ್ದು ಜಾಸ್ತಿ. ನಾನು ಬಗ್ಗಲಿಲ್ಲ. ಅತ್ತೆ ತಮ್ಮ ಮಂಚವನ್ನು ಗೋಡೆಯ ಕಡೆ ಸರಿಸಿ ನನ್ನ ಚಾಪೆಗೆ ಜಾಗ ದೊಡ್ಡದು ಮಾಡಿಕೊಟ್ಟರು, ಅಷ್ಟೆ.

ಒಂದು ಭಾನುವಾರ ಬೆಳಿಗ್ಗೆ ತಿಂಡಿಗೂ ಕೂರದೆ ಇವರು ಸ್ಕೂಟರು ತೆಗೆದುಕೊಂಡು ಹೋದರು. ಬಿಸಿಲೇರಿದ ಮೇಲೆ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ನೆಲ ನೋಡುತ್ತಾ, "ಬಸವೇಶ್ವರನಗರದ ಲ್ಯಾಬಿಗೆ ಹೋಗಿದ್ದೆ. ಅಲ್ಲಿ ಯಾರೂ ಗೊತ್ತಿರೋರಿಲ್ಲ. ರಿಪೋರ್ಟು ನಾಡಿದ್ದು ಕೊಡ್ತಾರಂತೆ" ಅಂದರು.

ಮುಖ ನೋಡಿದೆ. ಕುಗ್ಗಿತ್ತು. ಅಯ್ಯೋ ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ದೋಸೆ ಹುಯ್ದು ಕೊಟ್ಟೆ, ಪಲ್ಯ ಜಾಸ್ತಿ ಹಾಕಿದೆ, ಕಾಫಿ ಬೆರೆಸಿ ಪಕ್ಕದಲ್ಲಿಟ್ಟೆ. ಅವರು ಒಂದು ಗುಟುಕು ಕುಡಿದು, ಅತ್ತೆಯ ಕೋಣೆಯ ಕಡೆಗೊಮ್ಮೆ, ಅಲ್ಲಿ ಸುರುಳಿ ಸುತ್ತಿಟ್ಟ ನನ್ನ ಚಾಪೆಯ ಕಡೆಗೊಮ್ಮೆ ನೋಡಿದರು.

"ರಿಪೋರ್ಟು ನಾಡಿದ್ದು ಬರ್ಲಿ" ಅಂದೆ. ಇನ್ನೊಂದು ದೋಸೆ ಹುಯ್ದೆ.